35 ಕರೆಂಟ್ ಮುಗಿದ ಮೇಲೆ: ನಾಲಿಗೆ ಬುಡದ ಕ್ಯಾನ್ಸರ್ ಚಿಕಿತ್ಸೆಯ ಒಂದು ಪ್ರಕರಣ

ರೋಗಿ 56 ವರ್ಷದ ರೈತ, ಚಿತ್ರದುರ್ಗ ಸೀಮೆಯವರು. 30 ವರ್ಷ ಬೀಡಿ ಸೇದಿದವರು, ಸಂತೆಯ ದಿನ ಕುಡಿತವೂ ಇತ್ತು. ನಾಲ್ಕು ತಿಂಗಳಿಂದ ನುಂಗುವಾಗೆಲ್ಲ ಬಲಗಿವಿಗೆ ಚುಚ್ಚಿದಂಥ ನೋವು. ಕಿವಿಗೆ ಎಣ್ಣೆ ಬಿಡಿಸಿಕೊಂಡಿದ್ದಾಯಿತು, ಎರಡು ಸಲ ಆ್ಯಂಟಿಬಯೊಟಿಕ್ ನುಂಗಿದ್ದಾಯಿತು. ಕುತ್ತಿಗೆಯಲ್ಲಿ ಗಂಟು ಕೈಗೆ ಸಿಕ್ಕಿದ ಮೇಲೆ ಪರೀಕ್ಷೆಗೆ ಬಂದರು. ನಾಲಿಗೆಯ ಬುಡದಲ್ಲಿ ಸ್ಕ್ವೇಮಸ್ ಸೆಲ್ ಕಾರ್ಸಿನೋಮ (ಒಳಪದರದ ಕೋಶದಲ್ಲಿ ಹುಟ್ಟುವ ಕ್ಯಾನ್ಸರ್), ಪಿ16 ನೆಗೆಟಿವ್ (ಎಚ್‌ಪಿವಿ ವೈರಸ್ಸಿನಿಂದ ಬಂದದ್ದಲ್ಲದ ಬಗೆ), ಟಿ3 ಎನ್2ಬಿ (ಗಡ್ಡೆ ದೊಡ್ಡದು, ಕುತ್ತಿಗೆಯ ಒಂದೇ ಬದಿಯ ಗಂಟುಗಳಿಗೂ ಹರಡಿತ್ತು), ಅಂದರೆ 4ಎ ಹಂತ. ದೂರದ ಅಂಗಗಳಿಗೆ ಹರಡಿರಲಿಲ್ಲ.

ಇದು ಯಾರೋ ಒಬ್ಬರ ಗುರುತು ಹಿಡಿಯುವಂಥ ಬರಹವಲ್ಲ. ಇದಕ್ಕೆ ವಿಕಿರಣ, ಕೀಮೋ ಚಿಕಿತ್ಸೆ ಪಡೆದ ಹಲವರಲ್ಲಿ ಕಾಣುವುದನ್ನು ಒಬ್ಬ ರೋಗಿಯ ಹಾದಿಯಾಗಿ ಜೋಡಿಸಿದ್ದೇವೆ. ರೋಗ ಪೂರ್ತಿ ವಾಸಿಯಾದ ಪ್ರಕರಣ ಇದು. ಆದರೂ ಮುಂದಿನ ಎರಡೂವರೆ ವರ್ಷ ಇವರನ್ನು ಕಾಡಿದ ತೊಂದರೆಗಳಲ್ಲಿ ಕೆಲವು ಚಿಕಿತ್ಸೆಯ ಜೊತೆಗೇ ಬರುವಂಥವು, ಕೆಲವು ಮೊದಲೇ ಹೇಳಿದ್ದರೆ ತಪ್ಪುವಂಥವು. ಈ ಎರಡನ್ನೂ ಬೇರೆ ಬೇರೆ ಮಾಡಿ ತೋರಿಸುವುದೇ ನಮ್ಮ ಉದ್ದೇಶ.

ಚಿಕಿತ್ಸೆಯ ಲೆಕ್ಕ ಹೀಗಿತ್ತು: ಐಎಂಆರ್‌ಟಿ ವಿಧಾನದಲ್ಲಿ (ಗಡ್ಡೆಯ ಆಕಾರಕ್ಕೆ ತಕ್ಕಂತೆ ಕಿರಣ ಹೊಂದಿಸಿ, ಸುತ್ತಲ ಅಂಗ ಉಳಿಸುವುದು) 70 ಗ್ರೇ ವಿಕಿರಣ (ಗ್ರೇ ಎಂದರೆ ಮೈಗೆ ಬಿದ್ದ ವಿಕಿರಣದ ಅಳತೆ), ದಿನಕ್ಕೆ 2 ಗ್ರೇಯಂತೆ 35 ಸಲ (ಜನ ಇದನ್ನೇ 'ಕರೆಂಟ್' ಎನ್ನುತ್ತಾರೆ), ವಾರಕ್ಕೆ ಐದು ದಿನ, ಒಟ್ಟು ಏಳು ವಾರ. ಜೊತೆಗೆ ವಾರಕ್ಕೊಮ್ಮೆ ಕೀಮೋ ಔಷಧಿ ಸಿಸ್‌ಪ್ಲಾಟಿನ್, ಚದರ ಮೀಟರಿಗೆ 40 ಮಿ.ಗ್ರಾಂ. 165 ಸೆಂ.ಮೀ. ಎತ್ತರ, 58 ಕೆ.ಜಿ. ತೂಕಕ್ಕೆ ದೇಹದ ಮೇಲ್ಮೈ 1.63 ಚದರ ಮೀಟರ್. ಹಾಗಾಗಿ ಒಂದು ಸಲಕ್ಕೆ 65 ಮಿ.ಗ್ರಾಂ. ರಕ್ತದಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡ ಸೋತರೆ ಏರುವ ಅಂಶ) 0.9, ಅದರಿಂದ ಲೆಕ್ಕ ಹಾಕಿದ ಕ್ಲಿಯರೆನ್ಸ್, ಅಂದರೆ ಮೂತ್ರಪಿಂಡ ಸೋಸುವ ವೇಗ, ನಿಮಿಷಕ್ಕೆ 75 ಮಿ.ಲೀ. ಮೂತ್ರಪಿಂಡ ಸಿಸ್‌ಪ್ಲಾಟಿನ್ ತಾಳಿಕೊಳ್ಳುವ ಸ್ಥಿತಿಯಲ್ಲಿತ್ತು. ಬಾಯಿ 42 ಮಿ.ಮೀ. ತೆರೆಯುತ್ತಿತ್ತು. ಶ್ರವಣ ಪರೀಕ್ಷೆಯನ್ನೂ ಮಾಡಿಸಿದ್ದರು. ಇಂಥ ಅಂಕಿಗಳನ್ನು ಮೊದಲ ದಿನವೇ ಬರೆದಿಡದಿದ್ದರೆ, ಆಮೇಲೆ ಎಷ್ಟು ಕಳೆದುಹೋಯಿತೆಂದು ಅಳೆಯಲು ಹೋಲಿಕೆಗೆ ಏನೂ ಇರುವುದಿಲ್ಲ.

ಹಲ್ಲಿನ ತಪಾಸಣೆಯೂ ಆಯಿತು. ಕೆಳದವಡೆಯ ಎರಡು ಹುಳುಕು ಹಲ್ಲು ಕಿತ್ತು, ಗಾಯ ಮಾಯಲು 14 ದಿನ ಬಿಟ್ಟು ವಿಕಿರಣ ಶುರು ಮಾಡಿದರು. ಬಲಗಡೆಯ ಕೊನೆಯ ದವಡೆಹಲ್ಲು ಅರ್ಧ ಮಾತ್ರ ಹೊರಬಂದಿತ್ತು, ನೋವಿರಲಿಲ್ಲ. ಅದನ್ನು ಹಾಗೇ ಬಿಟ್ಟರು. ಈ ಹಲ್ಲಿನ ವಿಷಯ ಮುಂದೆ ಬರುತ್ತದೆ.

ಮೊದಲ ಮೂರು ವಾರ

ಮೊದಲ ವಾರ ವಾಂತಿಯ ಕಾಟ ಬಿಟ್ಟರೆ ಹೆಚ್ಚೇನಿರಲಿಲ್ಲ. ಎರಡನೇ ವಾರದ ಕೊನೆಗೆ ಸಾರಿನಲ್ಲಿ ಉಪ್ಪಿದೆಯೋ ಇಲ್ಲವೋ ತಿಳಿಯದಾಯಿತು. ಜೊಲ್ಲು ತೆಳುವಾಗಿ ಬರುವುದು ನಿಂತು ಅಂಟಂಟಾಗಿ ನೂಲಿನಂತೆ ಎಳೆಯತೊಡಗಿತು. ಕಿವಿಯ ಕೆಳಗಿನ ಪೆರೋಟಿಡ್ ಗ್ರಂಥಿ ನೀರಿನಂಥ ಜೊಲ್ಲು ಕೊಡುತ್ತದೆ, ವಿಕಿರಣಕ್ಕೆ ಬೇಗ ಸೋಲುವುದೂ ಅದೇ. ಬೇರೆ ಗ್ರಂಥಿಗಳ ಗಟ್ಟಿ ಲೋಳೆಯಷ್ಟೇ ಉಳಿಯುತ್ತದೆ. ಆ ಗ್ರಂಥಿಗೆ ಬೀಳುವ ಸರಾಸರಿ ಪ್ರಮಾಣ 26 ಗ್ರೇ ಒಳಗಿದ್ದರೆ ತಿಂಗಳುಗಳ ಮೇಲೆ ಜೊಲ್ಲು ಒಂದಷ್ಟು ಮರಳುತ್ತದೆ. ಐಎಂಆರ್‌ಟಿಗೆ ಹೆಚ್ಚು ಖರ್ಚು ಮಾಡುವುದು ಮುಖ್ಯವಾಗಿ ಇದಕ್ಕೇ: ಬ್ರಿಟನ್ನಿನ ಪಾರ್‌ಸ್ಪೋರ್ಟ್ ಅಧ್ಯಯನದಲ್ಲಿ ಒಂದು ವರ್ಷದ ಮೇಲೆ ಬಾಯಿ ಒಣಗುವ ಮಧ್ಯಮ ಅಥವಾ ತೀವ್ರ ತೊಂದರೆ ಹಳೆ ವಿಧಾನದಲ್ಲಿ ಶೇ 74 ಜನರಿಗಿತ್ತು, ಐಎಂಆರ್‌ಟಿಯಲ್ಲಿ ಶೇ 38. ಈ ರೋಗಿಯ ಎಡ ಗ್ರಂಥಿ ಉಳಿಯಿತು. ಗಂಟು ಬಲಗಡೆ ಇದ್ದುದರಿಂದ ಬಲ ಗ್ರಂಥಿಯನ್ನು ಉಳಿಸಲಾಗಲಿಲ್ಲ.

ಮೂರನೇ ವಾರ ಬಾಯಿಯ ಒಳಪದರ ಕೆಂಪೇರಿ, ಬಿಳಿ ಪೊರೆಯ ಹುಣ್ಣು ಕಾಣಿಸಿತು. ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡ ಹಾಕಿ ಎರಡು ಗಂಟೆಗೊಮ್ಮೆ ಬಾಯಿ ಮುಕ್ಕಳಿಸುವುದು, ಊಟಕ್ಕೆ ಮುಂಚೆ ನೋವು ತಗ್ಗಿಸುವ ಬೆಂಜಿಡಮೈನ್ ದ್ರಾವಣ 15 ಮಿ.ಲೀ. ಮುಕ್ಕಳಿಸುವುದು. ಇವು ಹುಣ್ಣನ್ನು ಪೂರ್ತಿ ತಡೆಯುವುದಿಲ್ಲ, ಸಹಿಸಿಕೊಳ್ಳುವಷ್ಟಕ್ಕೆ ತರುತ್ತವೆ. ಮನೆಯವರು ಅಂಗಡಿಯಿಂದ ತಂದ ಪುದೀನ ವಾಸನೆಯ ಮೌತ್‌ವಾಶ್‌ನಲ್ಲಿ ಆಲ್ಕೊಹಾಲ್ ಇತ್ತು. ಅದನ್ನು ಹಾಕಿಕೊಂಡ ರಾತ್ರಿ ಅವರು ಕಣ್ಣು ಮುಚ್ಚಲಿಲ್ಲ.

ನಾಲ್ಕನೇ ವಾರದ ಎರಡು ದಿನ

ಶನಿವಾರ ಊರಿಗೆ ಹೋದವರು ಸೋಮವಾರ, ಮಂಗಳವಾರ ಬರಲಿಲ್ಲ. ನುಂಗಲಾಗದ ನೋವು, ಜೊತೆಗೆ ಹೊಲದ ಕೆಲಸ. "ಬಾಯಿ ಸ್ವಲ್ಪ ಮಾಯಲಿ, ಆಮೇಲೆ ಮುಂದುವರಿಸೋಣ ಸರ್" ಎಂದು ಮಗ ಫೋನ್ ಮಾಡಿದ. ಕೇಳಲು ನ್ಯಾಯವಾದ ಮಾತು. ಆದರೆ ಇಲ್ಲಿ ಅದು ನಡೆಯುವುದಿಲ್ಲ. ವಿಕಿರಣ ಶುರುವಾಗಿ ಸುಮಾರು ನಾಲ್ಕು ವಾರಕ್ಕೆ, ಉಳಿದ ಕ್ಯಾನ್ಸರ್ ಕೋಶಗಳು ಮೊದಲಿಗಿಂತ ಜೋರಾಗಿ ಇಮ್ಮಡಿಸತೊಡಗುತ್ತವೆ. ಆ ಹೊತ್ತಿನಲ್ಲಿ ಚಿಕಿತ್ಸೆ ಒಂದು ದಿನ ಉದ್ದವಾದರೆ ರೋಗ ಹಿಡಿತಕ್ಕೆ ಬರುವ ಸಾಧ್ಯತೆ ಸರಿಸುಮಾರು ಶೇ 1ರಿಂದ 1.5ರಷ್ಟು ಇಳಿಯುತ್ತದೆ. ಬಾಯಿ ಹುಣ್ಣು ಮಾಯಲು ಎರಡು ವಾರ ಬಿಟ್ಟರೆ ಆ ನಷ್ಟವನ್ನು ಆಮೇಲೆ ಯಾವ ಔಷಧಿಯೂ ತುಂಬಿಕೊಡದು. ತಪ್ಪಿದ ಎರಡರಲ್ಲಿ ಒಂದನ್ನು ಅದೇ ವಾರದ ಕೊನೆಯ ಶನಿವಾರ ಕೊಟ್ಟರು. ಇನ್ನೊಂದನ್ನು ಶುಕ್ರವಾರ ಬೆಳಿಗ್ಗೆಯದರ ಜೊತೆ ಸಂಜೆ ಕೊಟ್ಟರು. ನಡುವೆ ಕನಿಷ್ಠ ಆರು ಗಂಟೆ ಅಂತರ ಬೇಕು, ಆರೋಗ್ಯವಂತ ಕೋಶ ತನ್ನನ್ನು ರಿಪೇರಿ ಮಾಡಿಕೊಳ್ಳಲು ಅಷ್ಟು ಹೊತ್ತು ಹಿಡಿಯುತ್ತದೆ. 47ನೇ ದಿನಕ್ಕೇ, ಅಂದುಕೊಂಡ ಹೊತ್ತಿಗೇ, ಚಿಕಿತ್ಸೆ ಮುಗಿಯಿತು.

ತೂಕ ಅಷ್ಟರಲ್ಲಿ 53 ಕೆ.ಜಿ.ಗೆ ಇಳಿದಿತ್ತು. ವಿಕಿರಣದ ಹೊತ್ತು ತಲೆ ಅಲುಗದಂತೆ ಮುಖಕ್ಕೆ ಬಿಗಿಯುವ ಜಾಲರಿಯ ಮಾಸ್ಕ್ ಸಡಿಲವಾಯಿತು. ಮಾಸ್ಕ್ ಸಡಿಲವಾದರೆ ಕುತ್ತಿಗೆ ಒಳಗೆ ಜಾರುತ್ತದೆ. ಮಿಲಿಮೀಟರ್ ಲೆಕ್ಕದಲ್ಲಿ ಗುರಿಯಿಟ್ಟ ಕಿರಣ ಜೊಲ್ಲು ಗ್ರಂಥಿಯ ಮೇಲೋ ಬೆನ್ನುಹುರಿಯ ಹತ್ತಿರವೋ ಬೀಳಬಹುದು. ಹೊಸ ಮಾಸ್ಕ್ ಮಾಡಿ, ಮತ್ತೆ ಸಿ.ಟಿ. ತೆಗೆದು, ಪ್ಲಾನ್ ತಿದ್ದಿದರು. ಮೂಗಿನಿಂದ ಹೊಟ್ಟೆಗೆ ರೈಲ್ಸ್ ಟ್ಯೂಬ್ ಹಾಕಿದ್ದೂ ಆ ವಾರವೇ.

ಟ್ಯೂಬು, ಗಂಜಿ ಮತ್ತು ಮೂತ್ರಪಿಂಡ

ಟ್ಯೂಬು ಹಾಕಿದ ಮೇಲೂ ಮೊದಲ ವಾರ ತೂಕ ಇಳಿಯುತ್ತಲೇ ಇತ್ತು. ಹೆಂಡತಿ ಎರಡು ಗಂಟೆಗೊಮ್ಮೆ, ದಿನಕ್ಕೆ ಒಂಬತ್ತು ಸಲ, ತಪ್ಪದೆ 200 ಮಿ.ಲೀ. ರಾಗಿ ಅಂಬಲಿ ಹಾಕುತ್ತಿದ್ದರು. ಲೆಕ್ಕ ಹಾಕಿದಾಗ ಕಾರಣ ತಿಳಿಯಿತು. ಟ್ಯೂಬಿನಲ್ಲಿ ಇಳಿಯುವಷ್ಟು ತೆಳುವಾದ ಅಂಬಲಿಗೆ ಸುಮಾರು 20 ಗ್ರಾಂ ಹಿಟ್ಟು ಹಿಡಿಯುತ್ತದೆ, ಅದರಿಂದ ಸಿಗುವುದು 65 ಕ್ಯಾಲೊರಿ. ಒಂಬತ್ತು ಸಲಕ್ಕೆ 600 ಆಗಬಹುದು. ಅವರಿಗೆ ಬೇಕಿದ್ದದ್ದು ಕೆ.ಜಿ.ಗೆ 35ರಂತೆ 1,850. ಹೊಟ್ಟೆ ತುಂಬಿತ್ತು, ಮೈ ಉಪವಾಸವಿತ್ತು.

ಬದಲಿಸಿದ್ದು ಹೀಗೆ: 150 ಮಿ.ಲೀ. ಹಾಲು, ಮೊಳಕೆ ಕಟ್ಟಿಸಿ ಒಣಗಿಸಿ ಬೀಸಿದ ರಾಗಿ ಹಿಟ್ಟು 10 ಗ್ರಾಂ, ಸಕ್ಕರೆ 10 ಗ್ರಾಂ, ಎಣ್ಣೆ ಒಂದು ಟೀ ಚಮಚ. ಉಳಿದದ್ದು ನೀರು, ಒಟ್ಟು 200 ಮಿ.ಲೀ., ಒಂದು ಸಲಕ್ಕೆ 200 ಕ್ಯಾಲೊರಿ ದಾಟುತ್ತದೆ. ಮೊಳಕೆಯೊಡೆದ ರಾಗಿಯಲ್ಲಿ ಪಿಷ್ಟ ಒಡೆಯುವ ಕಿಣ್ವ ಹುಟ್ಟಿರುತ್ತದೆ, ಹಾಗಾಗಿ ಅದರ ಗಂಜಿ ಅಂಟಾಗದೆ ತೆಳ್ಳಗೆ ಉಳಿಯುತ್ತದೆ. ಪ್ರೋಟೀನಿಗೆ ದಿನಕ್ಕೆ 50 ಗ್ರಾಂ ಕೆನೆರಹಿತ ಹಾಲಿನ ಪುಡಿ ಬೆರೆಸಿದರು. ಹಾಲಿನದೂ ರಾಗಿಯದೂ ಸೇರಿ 65 ಗ್ರಾಂ ದಾಟಿತು. ಸಕ್ಕರೆ ಕಾಯಿಲೆ ಇದ್ದವರಿಗೆ ಈ ಲೆಕ್ಕ ಹೊಂದದು, ಬೇರೆಯೇ ಮಾಡಬೇಕು.

ಟ್ಯೂಬಿನ ಜೊತೆ ಕೆಲಸ ಮಾಡುವ ಕೈಗೆ ಕೆಲವು ಮಾತು. ಆಹಾರ ಹಾಕುವ ಮುನ್ನ, ಟ್ಯೂಬಿನ ಮೇಲೆ ಮೂಗಿನ ಬಳಿ ಪೆನ್ನಿನಲ್ಲಿ ಮಾಡಿದ ಗುರುತು ಸರಿದಿದೆಯೇ ನೋಡಬೇಕು. ಸರಿದಿದ್ದರೆ ಹಾಕಬಾರದು, ತುದಿ ಶ್ವಾಸನಾಳದ ಬಾಯಿಯಲ್ಲಿರಬಹುದು. ರೋಗಿಯನ್ನು ಕೂರಿಸಿಯೇ ಹಾಕಬೇಕು, ಆಮೇಲೂ ಅರ್ಧ ಗಂಟೆಯಿಂದ ಒಂದು ಗಂಟೆ ಮಲಗಿಸಬಾರದು. ಸಿರಿಂಜನ್ನು ಒತ್ತದೆ ಎತ್ತಿ ಹಿಡಿದು ತಾನಾಗಿ ಇಳಿಯಲು ಬಿಡಬೇಕು. ಮೊದಲೂ ಕೊನೆಗೂ 30 ಮಿ.ಲೀ. ನೀರು. ಈ ಮನೆಯಲ್ಲಿ ಟ್ಯೂಬು ಎರಡು ಸಲ ಕಟ್ಟಿಕೊಂಡಿತು, ಎರಡು ಸಲವೂ ಮಾತ್ರೆಯಿಂದ: ಒರಟಾಗಿ ಕುಟ್ಟಿ ಹಾಲಿನ ಜೊತೆಗೇ ಬಿಟ್ಟಿದ್ದರು. ಮಾತ್ರೆ ನುಣ್ಣಗೆ ಪುಡಿಯಾಗಿ ನೀರಲ್ಲಿ ಕರಗಬೇಕು, ಒಂದೊಂದಾಗಿ ಹೋಗಬೇಕು. ಕಟ್ಟಿಕೊಂಡರೆ ಉಗುರುಬೆಚ್ಚಗಿನ ನೀರನ್ನು ಸಿರಿಂಜಿನಲ್ಲಿ ಮೆಲ್ಲಗೆ ಒತ್ತಿ ಎಳೆದು ಮಾಡುತ್ತ ಬಿಡಿಸಬೇಕು. ತಂತಿ ಹಾಕಿ ಚುಚ್ಚಲೇಬಾರದು.

ಐದನೇ ವಾರ ಕ್ರಿಯಾಟಿನಿನ್ 1.7ಕ್ಕೆ ಏರಿತು. ಸಿಸ್‌ಪ್ಲಾಟಿನ್ ಮೂತ್ರಪಿಂಡದ ಮೇಲೆ ಕೈಮಾಡುವ ಔಷಧಿಯೆಂದು ಎಲ್ಲರಿಗೂ ಗೊತ್ತು. ಅದಕ್ಕೇ ಮೊದಲೂ ಆಮೇಲೂ ಲೀಟರ್‌ಗಟ್ಟಲೆ ಸಲೈನು, ಅದರಲ್ಲಿ ಪೊಟ್ಯಾಸಿಯಮ್, ಮೆಗ್ನೀಸಿಯಮ್. ಆದರೆ ಇಲ್ಲಿ ಇನ್ನೆರಡು ಕಾರಣ ಕೂಡಿಕೊಂಡಿದ್ದವು: ಟ್ಯೂಬು ಹಾಕುವ ಮುಂಚಿನ ದಿನಗಳಲ್ಲಿ ಒಳಗೆ ಹೋದ ನೀರು ಕಡಿಮೆ, ಮತ್ತು ಗಂಟಲು ನೋವಿಗೆಂದು ಮೆಡಿಕಲ್ ಸ್ಟೋರಿನಿಂದ ತಂದು ದಿನಕ್ಕೆರಡರಂತೆ ಕೊಟ್ಟ ಡೈಕ್ಲೋಫಿನಾಕ್. ಬ್ಯಾಗಿನಿಂದ ಎಲ್ಲ ಮಾತ್ರೆಗಳನ್ನೂ ಮೇಜಿನ ಮೇಲೆ ಸುರಿಸಿದಾಗ ಆ ಮಾತ್ರೆಯ ಸ್ಟ್ರಿಪ್ ಸಿಕ್ಕಿತು. ಕೇಳಿದ್ದರೆ ಹೇಳುತ್ತಿರಲಿಲ್ಲ, ಏಕೆಂದರೆ ಅವರ ಪ್ರಕಾರ ಅದು ಬರೀ ನೋವಿನ ಮಾತ್ರೆ, ಔಷಧಿಯಲ್ಲ. ಆ ವಾರದ ಕೀಮೋ ಬಿಟ್ಟರು. ಸಲೈನು ಕೊಟ್ಟು, ಡೈಕ್ಲೋಫಿನಾಕ್ ನಿಲ್ಲಿಸಿದ ಮೇಲೆ 1.1ಕ್ಕೆ ಇಳಿಯಿತು. ಆರನೇ ವಾರದ್ದು ಕೊಟ್ಟರು. ಒಟ್ಟು ಐದು ಸಲ, ಚದರ ಮೀಟರಿಗೆ 200 ಮಿ.ಗ್ರಾಂ, ವಿಕಿರಣಕ್ಕೆ ಜೊತೆಯಾಗಲು ಬೇಕೆನ್ನುವ ಮೊತ್ತ ಮುಟ್ಟಿತು. ನೋವಿಗೆ ಮಾರ್ಫಿನ್ 5 ಮಿ.ಗ್ರಾಂ, ನಾಲ್ಕು ಗಂಟೆಗೊಮ್ಮೆ, ಮೊದಲ ದಿನದಿಂದಲೇ ಮಲಬದ್ಧತೆಗೆ ಔಷಧಿಯ ಜೊತೆ. ಮಾರ್ಫಿನ್ ಎಂದೊಡನೆ ಮಗ ಹೆದರಿದ. ಹುಣ್ಣು ಮಾಯುತ್ತ ಬಂದಂತೆ ಮೂರು ವಾರದಲ್ಲಿ ಹಂತಹಂತವಾಗಿ ನಿಲ್ಲಿಸಿದ್ದಾಯಿತು, ಯಾವ ಚಟವೂ ಅಂಟಲಿಲ್ಲ.

ಬಾಯಿಯಲ್ಲಿ ಕೆರೆದರೆ ಬರುವ ಮೊಸರಿನಂಥ ಬಿಳಿ ಕಾಣಿಸಿದಾಗ ಅದು ವಿಕಿರಣದ ಹುಣ್ಣಲ್ಲ, ಕ್ಯಾಂಡಿಡಾ ಶಿಲೀಂಧ್ರ ಎಂದು ತಿಳಿದು ಫ್ಲುಕೊನಜೋಲ್ ಕೊಟ್ಟರು. ನಾಲ್ಕೇ ದಿನದಲ್ಲಿ ಉರಿ ಅರ್ಧ ಇಳಿಯಿತು. ಹುಣ್ಣು ಇದ್ದಕ್ಕಿದ್ದಂತೆ ಹೆಚ್ಚಾದರೆ ಮೊದಲು ಇದನ್ನು ನೋಡಬೇಕು. ಕುತ್ತಿಗೆಯ ಚರ್ಮ ಆರನೇ ವಾರ ಮಡಿಕೆಯಲ್ಲಿ ಒದ್ದೆಯಾಗಿ ಸುಲಿಯಿತು. ಅರಿಸಿನ, ಕೊಬ್ಬರಿ ಎಣ್ಣೆ ಬೇಡವೆಂದು ಎಷ್ಟು ಹೇಳಿದರೂ ಯಾರಾದರೂ ಹಚ್ಚುತ್ತಾರೆ, ಇಲ್ಲೂ ಹಚ್ಚಿದ್ದರು. ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಒರೆಸದೆ ಒತ್ತಿ ಒಣಗಿಸಿ, ವೈದ್ಯರು ಕೊಟ್ಟ ಮುಲಾಮನ್ನು ವಿಕಿರಣ ಆದ ಮೇಲೆ ಹಚ್ಚಿ, ಕಾಲರ್ ಇಲ್ಲದ ಹತ್ತಿ ಅಂಗಿ ತೊಟ್ಟರು. ಮೂರು ವಾರದಲ್ಲಿ ಮಾಯಿತು.

ಕೊನೆಯ ವಿಕಿರಣದ ದಿನ ಮನೆಯವರು ಸಿಹಿ ಹಂಚಿದರು. ಹತ್ತು ದಿನಕ್ಕೆ ನೋವು ಇನ್ನೂ ಹೆಚ್ಚಾದಾಗ ರೋಗ ಮರಳಿತೆಂದು ಗಾಬರಿಯಾಗಿ ಓಡಿ ಬಂದರು. ಹುಣ್ಣು ಶಿಖರಕ್ಕೇರುವುದೇ ಚಿಕಿತ್ಸೆ ಮುಗಿದ ಒಂದೆರಡು ವಾರದಲ್ಲಿ, ಇಳಿಯುವುದು ಅದರ ನಂತರ. ಇಷ್ಟನ್ನು ಕೊನೆಯ ದಿನ ಎರಡು ವಾಕ್ಯದಲ್ಲಿ ಹೇಳಿ ಕಳಿಸಬಹುದಿತ್ತು.

ಮುದ್ದೆ ಇಳಿಯದಾದಾಗ

12 ವಾರದ ಮೇಲೆ ಮಾಡಿದ ಪೆಟ್-ಸಿ.ಟಿ.ಯಲ್ಲಿ (ಉಳಿದ ಕ್ಯಾನ್ಸರ್ ಹುಡುಕುವ ಸ್ಕ್ಯಾನ್) ರೋಗವಿರಲಿಲ್ಲ. ಅದಕ್ಕೆ ಒಂದು ವಾರ ಮುಂಚೆ ಟ್ಯೂಬು ತೆಗೆದಿದ್ದರು. ಆದರೆ ಟ್ಯೂಬು ಇದ್ದಾಗ ಐದು ವಾರ ಅವರು ಬಾಯಿಂದ ಏನನ್ನೂ ತೆಗೆದುಕೊಂಡಿರಲಿಲ್ಲ, ನೀರನ್ನೂ ಸಹ. ನಮ್ಮ ಅಭಿಪ್ರಾಯದಲ್ಲಿ ಇಡೀ ಪ್ರಕರಣದ ಅತಿ ದುಬಾರಿ ತಪ್ಪು ಇದೇ. ಟ್ಯೂಬು ಆಹಾರಕ್ಕೆ, ನುಂಗುವುದನ್ನು ಬಿಡಲಿಕ್ಕಲ್ಲ. ದಿನಕ್ಕೆ ಹತ್ತಾರು ಸಲ ಒಂದೊಂದು ಗುಟುಕು ನೀರಾದರೂ ನುಂಗುತ್ತಿದ್ದರೆ ಗಂಟಲಿನ ಸ್ನಾಯು ಕೆಲಸ ಮರೆಯುವುದಿಲ್ಲ. ಬಿಟ್ಟರೆ ವಿಕಿರಣದ ಊತದಲ್ಲಿ ಅವು ನಾರುಗಟ್ಟಿ ಬಿಗಿಯುತ್ತವೆ. ಟ್ಯೂಬು ಹಾಕಿದ ದಿನ ಈ ಮಾತನ್ನು ಇವರಿಗೆ ಯಾರೂ ಹೇಳಿರಲಿಲ್ಲ.

ಇವರು ಮೂರು ಹೊತ್ತೂ ಮುದ್ದೆ ಉಂಡು ಬೆಳೆದವರು. ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತಾರೆ. ಅದಕ್ಕೆ ಮೂರು ಬೇಕು: ಬಾಯಲ್ಲಿ ಜಾರಿಸುವ ಜೊಲ್ಲು, ಹಿಂದಕ್ಕೆ ತಳ್ಳುವ ನಾಲಿಗೆಯ ಬುಡ, ಸರಿಯಾದ ಕ್ಷಣಕ್ಕೆ ಮೇಲೆದ್ದು ಮುಚ್ಚಿಕೊಳ್ಳುವ ಧ್ವನಿಪೆಟ್ಟಿಗೆ. ವಿಕಿರಣ ಬಿದ್ದಿದ್ದು ನೇರವಾಗಿ ಈ ಮೂರರ ಮೇಲೆ. ಮೊದಲ ತುತ್ತು ಅಂಗುಳಿಗೆ ಅಂಟಿತು, ಎರಡನೆಯದು ಗಂಟಲಲ್ಲಿ ನಿಂತಿತು. ಅನ್ನದ ಅಗುಳು ಇನ್ನೂ ಕಷ್ಟ, ನಾಲಿಗೆ ಬುಡದ ಹಿಂದಿನ ಗುಳಿಯಲ್ಲಿ ಸಿಕ್ಕಿಕೊಂಡು ನೆತ್ತಿಗೇರುತ್ತಿತ್ತು.

ನೆತ್ತಿಗೇರಿದರೆ ಕೆಮ್ಮು ಬರುತ್ತದೆ, ಗೊತ್ತಾಗುತ್ತದೆ. ಎಂಟನೇ ತಿಂಗಳು ಆದದ್ದು ಬೇರೆ: ಎರಡು ಸಲ ಜ್ವರ, ಬಲ ಶ್ವಾಸಕೋಶದ ಕೆಳಭಾಗದಲ್ಲಿ ನ್ಯುಮೋನಿಯ. ಮೂಗಿನಿಂದ ಕ್ಯಾಮೆರಾ ಇಳಿಸಿ, ಬಣ್ಣ ಹಾಕಿದ ನೀರು ಕುಡಿಸಿ ನೋಡಿದಾಗ ನೀರು ಶ್ವಾಸನಾಳಕ್ಕೆ ಸೋರುತ್ತಿತ್ತು, ಕೆಮ್ಮು ಮಾತ್ರ ಬರಲಿಲ್ಲ. ವಿಕಿರಣದಿಂದ ಅಲ್ಲಿನ ಸ್ಪರ್ಶವೂ ಮಂಕಾಗಿರುತ್ತದೆ. ಹಾಗಾಗಿ ಊಟದ ನಂತರ ದನಿ ಗೊರಗೊರ ಎನ್ನುವುದು, ಕಾರಣವಿಲ್ಲದ ಸಂಜೆ ಜ್ವರ, ತೂಕ ಇಳಿತ, ಇವನ್ನು ಕೆಮ್ಮಿಲ್ಲವೆಂದು ಬಿಡುವಂತಿಲ್ಲ.

ನುಂಗುವ ತರಬೇತಿ ಶುರುವಾಯಿತು. ಗದ್ದ ಎದೆಗೆ ತಾಗಿಸಿ ನುಂಗುವುದು. ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ಹಿಡಿದು ಬರೀ ಎಂಜಲು ನುಂಗುವುದು. ಇದನ್ನು ಆಹಾರದೊಡನೆ ಮಾಡಬಾರದು. ಒಂದು ತುತ್ತಿಗೆ ಎರಡು ಸಲ ನುಂಗಿ, ಆಮೇಲೆ ಕೆಮ್ಮಿ ಗಂಟಲು ತೆರವು ಮಾಡುವುದು. ತೆಳು ನೀರಿನ ಬದಲು ಗಂಜಿಯ ಹದದ ದ್ರವ. ಅನ್ನನಾಳದ ಬಾಯಿ ಕಿರಿದಾಗಿದ್ದುದರಿಂದ ಎಂಡೋಸ್ಕೋಪಿಯಲ್ಲಿ ಎರಡು ಸಲ ಹಿಗ್ಗಿಸಿದರು.

ಬಾಯಿ ತೆರೆಯುವುದೂ 42ರಿಂದ 29 ಮಿ.ಮೀ.ಗೆ ಬಂದಿತ್ತು. 35ಕ್ಕಿಂತ ಕಡಿಮೆಯಾದರೆ ದವಡೆ ಬಿಗಿತ ಎನ್ನುತ್ತೇವೆ. ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟು, ಮಧ್ಯಕ್ಕೆ ಇನ್ನೊಂದು ತೂರಿಸಬೇಕು. ದಿನಕ್ಕೆ ಏಳು ಸಲ, ಸಲಕ್ಕೆ ಏಳು ಬಾರಿ, ಬಾರಿಗೆ ಏಳು ಸೆಕೆಂಡ್. ತಿಂಗಳಿಗೆ ಒಂದು ಕಡ್ಡಿ ಹೆಚ್ಚಿದರೂ ಲಾಭವೇ.

ಸಣ್ಣ ತೊಂದರೆಗಳೂ ಇದ್ದವು. ಮೂರನೇ ತಿಂಗಳು ತಲೆ ಬಗ್ಗಿಸಿದರೆ ಬೆನ್ನಲ್ಲಿ ಶಾಕ್ ಹೊಡೆದಂತಾಗುತ್ತಿತ್ತು. ಬೆನ್ನುಹುರಿಗೆ ತಗುಲಿದ ವಿಕಿರಣದ ತಾತ್ಕಾಲಿಕ ಪರಿಣಾಮ, ತಾನಾಗಿ ಹೋಯಿತು. ಬೆಳಿಗ್ಗೆ ಗದ್ದದ ಕೆಳಗೆ ಊದಿಕೊಂಡು ಮಧ್ಯಾಹ್ನಕ್ಕೆ ಇಳಿಯುತ್ತಿದ್ದುದು ದುಗ್ಧರಸ ನಿಂತದ್ದರಿಂದ. ತಲೆದಿಂಬು ಎತ್ತರಿಸಿ, ಮೆಲ್ಲಗೆ ಎದೆಯ ಕಡೆ ನೀವಿದರು. ಕುಕ್ಕರಿನ ಸಿಳ್ಳೆ ಕೇಳಿಸದಾದದ್ದು ಸಿಸ್‌ಪ್ಲಾಟಿನ್‌ನಿಂದ, ಅದು ಮರಳಲಿಲ್ಲ. 11ನೇ ತಿಂಗಳ ಸುಸ್ತು, ಚಳಿ, ಮಲಬದ್ಧತೆಯನ್ನು ಮನೆಯವರು ಕ್ಯಾನ್ಸರಿನ ನಿಶ್ಶಕ್ತಿ ಎಂದುಕೊಂಡಿದ್ದರು. ಟಿಎಸ್‌ಎಚ್ 18 ಇತ್ತು, ಥೈರಾಯ್ಡ್ ಸೋತಾಗ ಏರುವ ಹಾರ್ಮೋನ್ ಅದು. ಕುತ್ತಿಗೆಗೆ ವಿಕಿರಣವಾದವರಲ್ಲಿ ಥೈರಾಯ್ಡ್ ಸೋಲುವುದು ಸಾಮಾನ್ಯ, ಆರು ತಿಂಗಳಿಂದ ಒಂದು ವರ್ಷಕ್ಕೊಮ್ಮೆ ನೋಡಿಸಬೇಕು, ಜೀವನಪೂರ್ತಿ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಥೈರಾಕ್ಸಿನ್ ಶುರುವಾದ ಎರಡು ತಿಂಗಳಿಗೆ ಮತ್ತೆ ಹೊಲದ ಬದು ಸುತ್ತಿಬಂದರು.

ಬಿಟ್ಟ ಹಲ್ಲು

ಜೊಲ್ಲು ಕಡಿಮೆಯಾದರೆ ಹಲ್ಲಿನ ಕತ್ತು ಕಪ್ಪಾಗಿ ಹುಳುಕುತ್ತದೆ, ಬಲು ಬೇಗ. ಅದಕ್ಕೆಂದೇ ರಾತ್ರಿ ಹಲ್ಲುಜ್ಜಿದ ಮೇಲೆ ಅಚ್ಚಿನ ತಟ್ಟೆಯಲ್ಲಿ ಫ್ಲೋರೈಡ್ ಜೆಲ್ ಹಾಕಿ ಐದು ನಿಮಿಷ ಇಟ್ಟುಕೊಂಡು, ಅರ್ಧ ಗಂಟೆ ಬಾಯಿ ತೊಳೆಯದೆ ಇರಲು ಹೇಳಿದ್ದರು. ತಂದದ್ದು ಮುಗಿದಾಗ ತಾಲ್ಲೂಕಿನಲ್ಲಿ ಸಿಗಲಿಲ್ಲ. ಮೂರನೇ ತಿಂಗಳಿಗೆ ನಿಂತುಹೋಯಿತು.

19ನೇ ತಿಂಗಳು ಆ ಅರ್ಧ ಹುಟ್ಟಿದ ದವಡೆಹಲ್ಲು ನೋಯತೊಡಗಿತು. ಹತ್ತಿರದ ಪಟ್ಟಣದಲ್ಲಿ ಕೀಳಿಸಿಕೊಂಡರು. ವಿಕಿರಣವಾಗಿದೆಯೆಂದು ಇವರು ಹೇಳಲಿಲ್ಲ, ಅಲ್ಲಿ ಕೇಳಲೂ ಇಲ್ಲ. ಎರಡು ತಿಂಗಳಾದರೂ ಗುಂಡಿ ತುಂಬಲಿಲ್ಲ. ನಾಲಿಗೆಗೆ ಒರಟು ಕಲ್ಲಿನಂತೆ ತಾಗುತ್ತಿದ್ದದ್ದು ಹೊರಬಿದ್ದ ಮೂಳೆ. 60 ಗ್ರೇ ದಾಟಿದ ಕಡೆ ಮೂಳೆಯ ಕೋಶ ಸತ್ತು, ರಕ್ತನಾಳ ಸಣ್ಣದಾಗಿ, ನಾರು ತುಂಬಿರುತ್ತದೆ. ಗಾಯ ಮಾಡಿದರೆ ಮಾಯಿಸುವ ಶಕ್ತಿ ಅದಕ್ಕಿಲ್ಲ. ಮೇಲ್ದವಡೆಗಿಂತ ಕೆಳದವಡೆಗೆ ಇದು ಹೆಚ್ಚು, ಅದರ ಮೂಳೆ ಗಟ್ಟಿ, ರಕ್ತದ ದಾರಿ ಕಿರಿದು. ಆಮ್ಲಜನಕದ ಒತ್ತಡದ ಕೋಣೆಯಲ್ಲಿ ಕೂರಿಸಿ ತಡೆಯುವ ಕ್ರಮ ಬಹಳ ಕಾಲ ನಡೆಯಿತು. 2019ರಲ್ಲಿ ಪ್ರಕಟವಾದ ಹೋಪಾನ್ ಅಧ್ಯಯನದಲ್ಲಿ ಅದನ್ನು ಪಡೆದವರಲ್ಲಿ ಶೇ 6.4, ಪಡೆಯದವರಲ್ಲಿ ಶೇ 5.7 ಮಂದಿಗೆ ಮೂಳೆ ಸತ್ತಿತು, ಅಂದರೆ ಉಪಯೋಗ ಕಾಣಲಿಲ್ಲ.

ಇವರಿಗೆ ರಕ್ತದ ಹರಿವು ಸರಾಗ ಮಾಡುವ ಪೆಂಟಾಕ್ಸಿಫಿಲಿನ್ 400 ಮಿ.ಗ್ರಾಂ ದಿನಕ್ಕೆರಡು ಸಲ, ಜೊತೆಗೆ ದಿನಕ್ಕೆ 1,000 ಯೂನಿಟ್ ವಿಟಮಿನ್ ಇ, ಕ್ಲೋರ್‌ಹೆಕ್ಸಿಡೀನ್ ಮುಕ್ಕಳಿಕೆ, ಸೋಂಕು ಬಂದಾಗ ಆ್ಯಂಟಿಬಯೊಟಿಕ್. ಐದನೇ ತಿಂಗಳು ಸತ್ತ ಮೂಳೆಯ ಕಡಲೆಬೀಜದಷ್ಟು ಚೂರು ಸಡಿಲವಾಯಿತು, ಅದನ್ನಷ್ಟೇ ತೆಗೆದರು. ಒಂಬತ್ತು ತಿಂಗಳಿಗೆ ಒಸಡು ಕೂಡಿತು. ದವಡೆ ಮುರಿಯಲಿಲ್ಲ. ಮುರಿದಿದ್ದರೆ ಕಾಲಿನ ಮೂಳೆ ತಂದು ಜೋಡಿಸುವ ದೊಡ್ಡ ಶಸ್ತ್ರಚಿಕಿತ್ಸೆಯಾಗುತ್ತಿತ್ತು.

ವಿಕಿರಣಕ್ಕೆ ಮುಂಚೆ ಆ ಹಲ್ಲನ್ನೂ ಕಿತ್ತಿದ್ದರೆ ಮಾಯಲು ಅದೇ 14 ದಿನ ಸಾಕಿತ್ತು. ನೋವಿಲ್ಲದ ಹಲ್ಲನ್ನು ಕೀಳುವುದು ಕ್ರೂರವೆನಿಸಬಹುದು. ಆದರೆ ಹೆಚ್ಚು ಪ್ರಮಾಣ ಬೀಳುವ ಕಡೆ, ಶುಚಿಯಾಗಿಡಲಾಗದ, ಅರ್ಧ ಹೂತ ಹಲ್ಲಿನ ವಿಷಯದಲ್ಲಿ ಆ ಕನಿಕರ ರೋಗಿಗೇ ಭಾರವಾಗುತ್ತದೆ.

ಇಂಥ ಚಿಕಿತ್ಸೆಯಾದವರ ಮನೆಯಲ್ಲಿ ಮೂರನ್ನು ಮಾತ್ರ ನಾಳೆಗೆ ಬಿಡಬಾರದು. ಉಸಿರೆಳೆಯುವಾಗ ಸುಂಯ್‌ಗುಟ್ಟುವ ಸದ್ದು, ಅದು ಧ್ವನಿಪೆಟ್ಟಿಗೆ ಊದಿದ ಲಕ್ಷಣ. ಕೀಮೋ ನಡೆಯುವಾಗ 38 ಡಿಗ್ರಿ ಮೀರಿದ ಜ್ವರ. ಬಾಯಿಂದ ಒಂದು ಚಮಚದಷ್ಟು ತಾಜಾ ರಕ್ತ, ತಾನಾಗಿ ನಿಂತರೂ ಸರಿ. ಕುತ್ತಿಗೆಯ ದೊಡ್ಡ ರಕ್ತನಾಳ ಒಡೆಯುವ ಮುನ್ನ ಹೀಗೆ ಸ್ವಲ್ಪ ಬಂದು ನಿಲ್ಲುವುದುಂಟು.

30ನೇ ತಿಂಗಳ ತಪಾಸಣೆಯ ಹೊತ್ತಿಗೆ ತೂಕ 55 ಕೆ.ಜಿ., ಬಾಯಿ ತೆರೆತ 36 ಮಿ.ಮೀ. ಹೆಂಡತಿ ಮುದ್ದೆಯನ್ನು ಸ್ವಲ್ಪ ಮೆದುವಾಗಿ ತಿರುವುತ್ತಾರೆ, ಇವರು ಗೋಲಿ ಗಾತ್ರಕ್ಕೆ ಮುರಿದು, ಬಸ್ಸಾರಿನಲ್ಲಿ ಮುಳುಗಿಸಿ, ಗದ್ದ ತಗ್ಗಿಸಿ, ಎರಡು ಸಲ ನುಂಗುತ್ತಾರೆ. ಒಂದು ಊಟಕ್ಕೆ 50 ನಿಮಿಷ. ಆಧಾರ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಮಗ ಒಂದು ಚೀಟಿ ಇಟ್ಟಿದ್ದಾನೆ: ದವಡೆಗೆ, ಕುತ್ತಿಗೆಗೆ 70 ಗ್ರೇ ವಿಕಿರಣ ಆಗಿದೆ, ಹಲ್ಲು ಕೀಳುವ ಮುಂಚೆ ಈ ನಂಬರಿಗೆ ಫೋನ್ ಮಾಡಿ.